ಐದು ಕಿಲೊವಾಟ್ ಸ್ವರಾಜ್ಯ

ಹೆಸರು ಎಗ್. ಇಂಗ್ಲಿಷಿನ ಮೊಟ್ಟೆಗೂ ಇದಕ್ಕೂ ಉಚ್ಚಾರಣೆಯ ಹೊರತು ಬೇರೆ ನಂಟಿಲ್ಲ. ಗೇಲಿಕ್ ನುಡಿಯಲ್ಲಿ ‘ಕಚ್ಚು’ ಎಂಬ ಅರ್ಥದ ಪದದಿಂದ ಬಂದದ್ದು ಎನ್ನುತ್ತಾರೆ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಚದುರಿಬಿದ್ದ ಹೆಬ್ರಿಡೀಸ್ ದ್ವೀಪಗಳಲ್ಲಿ ಇದೊಂದು ಪುಟ್ಟ ಚೂರು. ಉದ್ದ ಒಂಬತ್ತು ಕಿಲೊಮೀಟರ್, ಅಗಲ ಐದು. ನಡುವೆ ಅನ್ ಸ್ಗೂರ್ ಎಂಬ ಕಪ್ಪು ಬಂಡೆಗುಡ್ಡ 393 ಮೀಟರ್ ಎತ್ತರಕ್ಕೆ ಗೋಡೆಯಂತೆ ಎದ್ದು ನಿಂತಿದೆ. ಒಂದು ಕಡೆ ಕಾಲಿಟ್ಟರೆ ಕಿರುಗುಟ್ಟುವ ‘ಹಾಡುವ ಮರಳು’. ಇನ್ನೊಂದು ಕಡೆ ಹದಿನಾರನೇ ಶತಮಾನದಲ್ಲಿ ಒಂದು ಕುಲದವರು ಇನ್ನೊಂದು ಕುಲದ ಸುಮಾರು ನಾನೂರು ಜನರನ್ನು ಹೊಗೆ ಹಾಕಿ ಕೊಂದರೆಂದು ಹೇಳುವ ಗುಹೆ. ಮ್ಯಾಲೇಗ್ ಬಂದರಿನಿಂದ ಹಡಗು ಹೊರಡುತ್ತದೆ, ಗಾಳಿ ಒಪ್ಪಿದರೆ. ಚಳಿಗಾಲದಲ್ಲಿ ಗಾಳಿ ಒಪ್ಪದ ದಿನಗಳೇ ಹೆಚ್ಚೆನಿಸುತ್ತದೆ.

ಇಷ್ಟೇ ಆಗಿದ್ದರೆ ಎಗ್ ಪ್ರವಾಸಿಗಳ ಕೈಪಿಡಿಯಲ್ಲಿ ಒಂದು ಪುಟವಾಗಿ ಉಳಿಯುತ್ತಿತ್ತು. ಆದರೆ ಈ ದ್ವೀಪದಲ್ಲಿ ಒಂದು ವಿಚಿತ್ರ ಕಾನೂನಿದೆ. ಯಾವ ಮನೆಯೂ ಒಂದೇ ಹೊತ್ತಿಗೆ ಐದು ಕಿಲೊವಾಟ್‌ಗಿಂತ ಹೆಚ್ಚು ವಿದ್ಯುತ್ ಎಳೆಯುವಂತಿಲ್ಲ. ಅಂಗಡಿ, ಚಹಾದಂಗಡಿಗಳಂಥ ವ್ಯಾಪಾರದ ಕಟ್ಟಡಗಳಿಗೆ ಹತ್ತು ಕಿಲೊವಾಟ್. ನೀರು ಕಾಯಿಸುವ ಕೆಟಲ್, ಬಟ್ಟೆ ಒಗೆಯುವ ಯಂತ್ರ, ಒಲೆ ಮೂರನ್ನೂ ಒಟ್ಟಿಗೆ ಹಾಕಿದರೆ ಫಟ್ಟನೆ ಕರೆಂಟು ಹೋಗುತ್ತದೆ. ಸಂಪರ್ಕ ಮತ್ತೆ ಕೊಡಲು ದ್ವೀಪದ್ದೇ ನಿರ್ವಹಣಾ ತಂಡದವರು ಬರಬೇಕು, ಬಂದವರಿಗೆ ಶುಲ್ಕ ತೆರಬೇಕು. ಬಂದವರು ಬೇರೆ ಯಾರೂ ಅಲ್ಲ, ನೆರೆಮನೆಯವರೇ. ಆದ್ದರಿಂದ ನಾಚಿಕೆಯೂ ಶುಲ್ಕದ ಜೊತೆ ಸೇರುತ್ತದೆ.

ಈ ಕಾನೂನನ್ನು ಲಂಡನ್ನಿನ ಯಾವ ಇಲಾಖೆಯೂ ಮಾಡಲಿಲ್ಲ. ದ್ವೀಪವಾಸಿಗಳೇ ಸಭೆ ಸೇರಿ ಮಾಡಿಕೊಂಡದ್ದು. ಏಕೆಂದರೆ ಕರೆಂಟು ಅವರದೇ, ತಂತಿ ಅವರದೇ, ನೆಲವೂ ಅವರದೇ. ಹಣ ಮಾತ್ರ ಅವರದಲ್ಲ, ಅಥವಾ ಪೂರ್ತಿ ಅವರದಲ್ಲ. ನೂರು ಜನರ ಒಂದು ಊರು, ಕಿಸೆಯಲ್ಲಿ ಕಾಸಿಲ್ಲದೆ, ಇಷ್ಟನ್ನೆಲ್ಲ ಹೇಗೆ ಗಳಿಸಿಕೊಂಡಿತು? ಅನುದಾನ ಎಂಬ ಪದ ಕೇಳಿದೊಡನೆ ಆಕಳಿಸುವವರು ಕೂಡ ಈ ಕತೆಯನ್ನು ಒಮ್ಮೆ ಕೇಳಬೇಕು.

ಒಡೆಯರು ಬಂದರು, ಒಡೆಯರು ಹೋದರು

1841ರ ಜನಗಣತಿಯಲ್ಲಿ ಎಗ್‌ನ ಜನಸಂಖ್ಯೆ ಐನೂರು ದಾಟಿತ್ತು. ಅದಕ್ಕೂ ಮೊದಲೇ ದ್ವೀಪ ಕುಲದೊಡೆಯರ ಕೈಯಿಂದ ಮಾರಾಟದ ಮಾಲಾಗಿ ಬದಲಾಗಿತ್ತು. ಸಾವಿರ ವರ್ಷದ ಊರಿಗೆ ಹೊಲಕ್ಕೆ ಬರುವ ಹಾಗೆ ಹೊಸ ಯಜಮಾನರು ಬರತೊಡಗಿದರು. 1853ರಲ್ಲಿ ಗ್ರೂಲಿನ್ ಎಂಬ ಹಳ್ಳಿಯ ಹದಿನಾಲ್ಕು ಕುಟುಂಬಗಳನ್ನು ಕುರಿಗಳಿಗೆ ಜಾಗ ಮಾಡುವ ಸಲುವಾಗಿ ಒಕ್ಕಲೆಬ್ಬಿಸಿದರು. ಹೆಚ್ಚಿನವರು ಅಟ್ಲಾಂಟಿಕ್ ದಾಟಿ ಹೋದರು. ಅವರ ಮನೆಗಳ ಕಲ್ಲುಗೋಡೆಗಳು ಸ್ಗೂರ್ ಗುಡ್ಡದ ಬುಡದಲ್ಲಿ ಮಾಡಿಲ್ಲದೆ ನಿಂತಿವೆ.

ಇಪ್ಪತ್ತನೇ ಶತಮಾನದ ಒಡೆಯರಲ್ಲಿ ಒಳ್ಳೆಯವರೂ ಇದ್ದರು. 1925ರಿಂದ 1966ರವರೆಗೆ ದ್ವೀಪ ಹೊಂದಿದ್ದ ರನ್ಸಿಮನ್ ಕುಟುಂಬದ ಬಗ್ಗೆ ಜನರಿಗೆ ದೂರಿರಲಿಲ್ಲ. ತೊಂದರೆ ಇದ್ದದ್ದು ಒಡೆಯರ ಗುಣದಲ್ಲಿ ಅಲ್ಲ, ಒಡೆತನದ ಸ್ವರೂಪದಲ್ಲಿ. ಇಡೀ ದ್ವೀಪ ಒಬ್ಬನ ಆಸ್ತಿ. ಆತ ಒಳ್ಳೆಯವನಾದರೆ ಸೂರು ರಿಪೇರಿ, ಇಲ್ಲವಾದರೆ ಸೋರುವುದೇ ಗತಿ.

1975ರಲ್ಲಿ ಕೀತ್ ಷೆಲೆನ್‌ಬರ್ಗ್ ಎಂಬ ಉದ್ಯಮಿ ದ್ವೀಪವನ್ನು ಕೊಂಡರು. ಹಿಮಬಂಡಿ ಓಟದಲ್ಲಿ ಬ್ರಿಟನ್ನಿನ ಪರವಾಗಿ ಒಲಿಂಪಿಕ್ಸ್‌ಗೆ ಹೋಗಿದ್ದ ಆಸಾಮಿ. ಮೊದಮೊದಲು ಉತ್ಸಾಹ, ಹೊಸ ಜನ, ಹೊಸ ಕೆಲಸ. ಕ್ರಮೇಣ ಮನಸ್ತಾಪ. ನಿವಾಸಿಗಳ ಮುಖ್ಯ ದೂರು ಒಂದೇ: ಮನೆಗೆ, ಹೊಲಕ್ಕೆ ಭದ್ರವಾದ ಗೇಣಿಪತ್ರವಿಲ್ಲ. ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬ್ರಿಟನ್ನಿನಲ್ಲಿ ಹಳೆಯ ಮನೆ ದುರಸ್ತಿಗೆ, ಸಣ್ಣ ಉದ್ದಿಮೆಗೆ, ಕೃಷಿಗೆ ಸರ್ಕಾರದ ನೆರವು ಇತ್ತು. ಹೈಲ್ಯಾಂಡ್ಸ್ ಮತ್ತು ದ್ವೀಪಗಳ ಅಭಿವೃದ್ಧಿಗೆಂದೇ 1965ರಲ್ಲಿ ಒಂದು ಮಂಡಳಿ ಸ್ಥಾಪನೆಯಾಗಿತ್ತು. ಆದರೆ ಅರ್ಜಿಯಲ್ಲಿ ಒಂದು ಅಂಕಣವಿರುತ್ತದೆ: ಈ ಜಾಗದಲ್ಲಿ ನಿಮ್ಮ ಹಕ್ಕೇನು, ಎಷ್ಟು ವರ್ಷ? ಎಗ್‌ನ ಬಹುತೇಕ ನಿವಾಸಿಗಳು ಆ ಅಂಕಣವನ್ನು ತುಂಬುವಂತಿರಲಿಲ್ಲ. ಕಾಗದವಿಲ್ಲದವನಿಗೆ ಅನುದಾನವಿಲ್ಲ. ನಾಳೆ ತೆರವು ಮಾಡಿಸಬಹುದಾದ ಮನೆಗೆ ಯಾರು ತಾನೇ ಹೊಸ ಚಾವಣಿ ಹಾಕಿಸುತ್ತಾರೆ? ಹೀಗೆ ಕಣ್ಣೆದುರು ನೆರವಿನ ಯೋಜನೆಗಳು ಹರಿದುಹೋಗುತ್ತಿದ್ದರೂ ದ್ವೀಪ ಒಣಗಿಯೇ ಇತ್ತು. ಸುತ್ತ ನೀರಿದ್ದೂ ಕುಡಿಯಲು ಹನಿಯಿಲ್ಲ ಎನ್ನುವ ಹಾಗೆ.

1994ರ ಜನವರಿಯಲ್ಲಿ ಒಡೆಯರ 1927ರ ಮಾದರಿಯ ರೋಲ್ಸ್ ರಾಯ್ಸ್ ಕಾರು ದ್ವೀಪದ ಶೆಡ್ಡಿನಲ್ಲಿ ಸುಟ್ಟುಹೋಯಿತು. ಯಾರ ಕೈವಾಡ ಎಂಬುದು ಪತ್ತೆಯಾಗಲಿಲ್ಲ. ಪತ್ರಿಕೆಗಳಿಗಂತೂ ಹಬ್ಬ. ಮರುವರ್ಷ ಅವರು ದ್ವೀಪವನ್ನು ಸುಮಾರು 16 ಲಕ್ಷ ಪೌಂಡ್‌ಗೆ ಮಾರಿದರು. ಕೊಂಡವರು ‘ಮರುಮ’ ಎಂದು ಕರೆದುಕೊಳ್ಳುತ್ತಿದ್ದ ಜರ್ಮನ್ ಕಲಾವಿದ. ದೊಡ್ಡ ದೊಡ್ಡ ಯೋಜನೆಗಳನ್ನು ಹೇಳಿಹೋದ ಕಲಾವಿದರು ದ್ವೀಪಕ್ಕೆ ಬಂದದ್ದೇ ಅಪರೂಪ. ಒಂದೇ ವರ್ಷದಲ್ಲಿ ದ್ವೀಪ ಮತ್ತೆ ಮಾರಾಟಕ್ಕೆ ಬಂತು. ಕೇಳಿದ ಬೆಲೆ 20 ಲಕ್ಷ ಪೌಂಡ್.

ಹತ್ತು ಸಾವಿರ ಕೈಗಳು

ಈ ಬಾರಿ ಕೊಳ್ಳಲು ನಿಂತವರು ನಿವಾಸಿಗಳೇ. ಅಷ್ಟರಲ್ಲಿ ದ್ವೀಪದ ಜನಸಂಖ್ಯೆ ಅರವತ್ತೈದರ ಆಸುಪಾಸಿಗೆ ಇಳಿದಿತ್ತು. ಒಂದು ಬಸ್ಸಿಗೆ ಆಗುವಷ್ಟು ಜನ.

ಈ ಯೋಚನೆ ಹಠಾತ್ತನೆ ಹುಟ್ಟಿದ್ದಲ್ಲ. ಹೆಬ್ರಿಡೀಸ್‌ನ ಲೂಯಿಸ್ ದ್ವೀಪದಲ್ಲಿ ಬೆಳೆದ ಅಲಾಸ್ಟೇರ್ ಮ್ಯಾಕಿಂಟಾಷ್ ಮತ್ತು ಗೆಳೆಯರು 1991ರಲ್ಲೇ ಎಗ್ ಟ್ರಸ್ಟ್ ಒಂದನ್ನು ಘೋಷಿಸಿದ್ದರು. ಆಗ ಬಹಳ ಜನ ನಕ್ಕಿದ್ದರು. ಹೊರಗಿನವರು ಬಂದು ನಮ್ಮನ್ನು ಉದ್ಧರಿಸುವುದೇ ಎಂಬ ಅನುಮಾನ ದ್ವೀಪದಲ್ಲೂ ಇತ್ತು. ಅದು ನ್ಯಾಯವಾದ ಅನುಮಾನವೇ. ಕ್ರಮೇಣ ನಿವಾಸಿಗಳ ಸಂಘ ಮುಂದೆ ಬಂತು, ಹೈಲ್ಯಾಂಡ್ ಕೌನ್ಸಿಲ್ ಎಂಬ ಸ್ಥಳೀಯ ಆಡಳಿತ ಮತ್ತು ಸ್ಕಾಟಿಷ್ ವನ್ಯಜೀವಿ ಟ್ರಸ್ಟ್ ಜೊತೆಗೂಡಿದವು. ಈ ಮೂವರೂ ಸೇರಿ ‘ಎಗ್ ಪರಂಪರೆ ಟ್ರಸ್ಟ್’ ಆಯಿತು.

ಹಣ? ಬ್ರಿಟನ್ನಿನಲ್ಲಿ 1994ರಿಂದ ರಾಷ್ಟ್ರೀಯ ಲಾಟರಿ ನಡೆಯುತ್ತಿತ್ತು. ಅದರ ಲಾಭದ ಒಂದು ಪಾಲು ಪರಂಪರೆಯ ರಕ್ಷಣೆಗೆ ಮೀಸಲು. ಎಗ್‌ನವರು ಅಲ್ಲಿಗೂ ಅರ್ಜಿ ಹಾಕಿದರು. ಸಿಗಲಿಲ್ಲ. ಸರ್ಕಾರದ ಹೈಲ್ಯಾಂಡ್ಸ್ ಅಂಡ್ ಐಲ್ಯಾಂಡ್ಸ್ ಎಂಟರ್‌ಪ್ರೈಸ್ ಸಂಸ್ಥೆ ಕೊಟ್ಟದ್ದು ಒಟ್ಟು ಬೆಲೆಯ ಶೇಕಡಾ ಎರಡಕ್ಕಿಂತ ಕಡಿಮೆ. ಉಳಿದದ್ದನ್ನು ಜನ ಕೊಟ್ಟರು. ಸುಮಾರು ಹತ್ತು ಸಾವಿರ ದೇಣಿಗೆಗಳು, ಹೆಚ್ಚಿನವು ಸಣ್ಣ ಮೊತ್ತದವು. ಎಲ್ಲಕ್ಕಿಂತ ದೊಡ್ಡ ಪಾಲು, ಹಲವು ಲಕ್ಷ ಪೌಂಡ್, ಕೊಟ್ಟದ್ದು ಹೆಸರು ಹೇಳಿಕೊಳ್ಳದ ಒಬ್ಬ ಮಹಿಳೆ.

1997ರ ಜೂನ್ 12ರಂದು 15 ಲಕ್ಷ ಪೌಂಡ್‌ಗೆ ಎಗ್ ಅದರ ನಿವಾಸಿಗಳದಾಯಿತು. ಮಂತ್ರಿ ಬ್ರಯಾನ್ ವಿಲ್ಸನ್ ಸಮಾರಂಭಕ್ಕೆ ಬಂದು, ಹೀಗೆ ಭೂಮಿ ಕೊಳ್ಳಬಯಸುವ ಸಮುದಾಯಗಳಿಗೆ ನೆರವಾಗಲು ಒಂದು ಘಟಕ ತೆರೆಯುವುದಾಗಿ ಹೇಳಿದರು. ಸರ್ಕಾರಗಳ ಈ ಗುಣ ಎಲ್ಲೆಡೆಯೂ ಒಂದೇ. ದಾರಿ ತಾನಾಗಿಯೇ ಸವೆದ ಮೇಲೆ ಬಂದು ಫಲಕ ನೆಡುತ್ತವೆ. ಆದರೆ ಈ ಫಲಕ ಬರೀ ಫಲಕವಾಗಿ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. 2001ರಲ್ಲಿ ಲಾಟರಿ ಹಣದಿಂದಲೇ ‘ಸ್ಕಾಟಿಷ್ ಭೂ ನಿಧಿ’ ಶುರುವಾಯಿತು. 2003ರಲ್ಲಿ ಭೂಸುಧಾರಣಾ ಕಾಯಿದೆ ಬಂದು, ಗ್ರಾಮೀಣ ಸಮುದಾಯಗಳಿಗೆ ತಮ್ಮ ನೆಲ ಮಾರಾಟಕ್ಕೆ ಬಂದಾಗ ಮೊದಲು ಕೊಳ್ಳುವ ಹಕ್ಕು ದೊರೆಯಿತು.

ಭೂಮಿ ಕೈಗೆ ಬಂದ ಕೂಡಲೇ ಟ್ರಸ್ಟ್ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಗೇಣಿಪತ್ರ ಕೊಟ್ಟದ್ದು. ಒಂದು ಹಾಳೆ ಕಾಗದ. ಆ ಕಾಗದದ ಹಿಂದೆ ಹಿಂದೆಯೇ ಮನೆ ದುರಸ್ತಿಯ ಅನುದಾನಗಳು ಬಂದವು. ದೋಣಿಗಟ್ಟೆಯ ಬಳಿ ಅಂಗಡಿ, ಚಹಾದಂಗಡಿ, ಅಂಚೆ ಎಲ್ಲ ಒಂದೇ ಸೂರಿನಡಿ ಬರುವ ಕಟ್ಟಡ ಎದ್ದಿತು. ಕೆಲವು ವರ್ಷಗಳ ಬಳಿಕ ವಾಹನ ಇಳಿಸಬಲ್ಲ ಹೊಸ ಧಕ್ಕೆಯೂ ಆಯಿತು. ಅಲ್ಲಿಯವರೆಗೆ ದೊಡ್ಡ ಹಡಗು ದೂರದಲ್ಲಿ ನಿಂತು, ಸಿಮೆಂಟು ಚೀಲದಿಂದ ಹಿಡಿದು ಅಜ್ಜಿಯವರೆಗೆ ಎಲ್ಲವನ್ನೂ ಸಣ್ಣ ದೋಣಿಗೆ ದಾಟಿಸಬೇಕಿತ್ತು.

ಬೆಳಕಿನ ಲೆಕ್ಕ

ಒಂದು ಕೊರತೆ ಮಾತ್ರ ಹಾಗೆಯೇ ಉಳಿದಿತ್ತು. ಇಪ್ಪತ್ತೊಂದನೇ ಶತಮಾನಕ್ಕೆ ಕಾಲಿಟ್ಟರೂ ಎಗ್‌ಗೆ ವಿದ್ಯುತ್ ಜಾಲವಿರಲಿಲ್ಲ. ಮನೆ ಮನೆಗೊಂದು ಡೀಸೆಲ್ ಜನರೇಟರ್. ಗುಡುಗುಟ್ಟುವ ಸದ್ದು, ಹೊಗೆ, ಹಡಗಿನಲ್ಲಿ ಬರುವ ದುಬಾರಿ ಎಣ್ಣೆ. ರಾತ್ರಿ ಮಲಗುವ ಮುನ್ನ ಎದ್ದುಹೋಗಿ ಯಂತ್ರ ನಿಲ್ಲಿಸಬೇಕು. ಕೆಲವೇ ಮನೆಗಳಿಗೆ ತೊರೆಯ ನೀರಿನಿಂದ ನಡೆಯುವ ಪುಟ್ಟ ಟರ್ಬೈನು ಇತ್ತು, ನಮ್ಮ ಮಲೆನಾಡಿನ ತೋಟದ ಮನೆಗಳ ಹಿಂದೆ ತಿರುಗುವಂಥದೇ.

ಮುಖ್ಯ ನೆಲದಿಂದ ಸಮುದ್ರದಡಿ ಕೇಬಲ್ ತರೋಣವೇ ಎಂದು ವಿಚಾರಿಸಿದರು. ಲೆಕ್ಕ ಹಾಕಿದಾಗ ಹಲವು ದಶಲಕ್ಷ ಪೌಂಡ್ ಬಂತು. ನಲವತ್ತು ಮನೆಗಳಿಗೆ ಅಷ್ಟು ಹಣ ಸುರಿಯುವ ಕಂಪನಿ ಯಾವ ಲೋಕದಲ್ಲೂ ಇಲ್ಲ. ಆಗ ಅವರು ಉಲ್ಟಾ ಯೋಚಿಸಿದರು. ಮಳೆ ನಮ್ಮಲ್ಲಿ ಬೇಕಾದಷ್ಟಿದೆ, ಗಾಳಿ ಬೇಡವೆಂದರೂ ಬೀಸುತ್ತದೆ, ಬೇಸಿಗೆಯಲ್ಲಿ ಹಗಲು ಮುಗಿಯುವುದೇ ಇಲ್ಲ. ಮೂರನ್ನೂ ಹೆಣೆದರೆ ಹೇಗೆ?

ಹೆಣೆದರು. ಪಶ್ಚಿಮದ ತೊರೆಗೆ ನೂರು ಕಿಲೊವಾಟ್‌ನ ಜಲವಿದ್ಯುತ್ ಘಟಕ, ಬೇರೆಡೆ ಇನ್ನೆರಡು ಚಿಕ್ಕವು. ಸ್ಗೂರ್ ಗುಡ್ಡದ ಕೆಳಗೆ ಆರಾರು ಕಿಲೊವಾಟ್‌ನ ನಾಲ್ಕು ಗಾಳಿಯಂತ್ರ. ಮೊದಲು ಹತ್ತು ಕಿಲೊವಾಟ್‌ನಷ್ಟಿದ್ದು ಆಮೇಲೆ ಐವತ್ತಕ್ಕೆ ಬೆಳೆದ ಸೌರಫಲಕಗಳು. ತೊಂಬತ್ತಾರು ದೊಡ್ಡ ಬ್ಯಾಟರಿಗಳ ಕೊಠಡಿ. ಏನೂ ಇಲ್ಲದ ದಿನಕ್ಕೆ ಎರಡು ಡೀಸೆಲ್ ಯಂತ್ರ. ಇವೆಲ್ಲವನ್ನೂ ಜೋಡಿಸುವ ಹನ್ನೊಂದು ಕಿಲೊಮೀಟರ್ ನೆಲದಡಿಯ ಕೇಬಲ್. 2008ರ ಫೆಬ್ರುವರಿ 1ರಂದು ಗುಂಡಿ ಒತ್ತಿದರು. ಹೀಗೆ ನೀರು, ಗಾಳಿ, ಬಿಸಿಲು ಮೂರನ್ನೂ ಬೆಸೆದು ಇಡೀ ದಿನ ನಡೆಯುವ ಸ್ವತಂತ್ರ ಜಾಲ ಜಗತ್ತಿನಲ್ಲಿ ಅದೇ ಮೊದಲನೆಯದು ಎಂದು ಹೇಳಲಾಯಿತು. ವರ್ಷದ ಒಟ್ಟು ಬಳಕೆಯಲ್ಲಿ ಶೇಕಡಾ ತೊಂಬತ್ತರ ಸುಮಾರು ಡೀಸೆಲ್ ಇಲ್ಲದೆಯೇ ಬರತೊಡಗಿತು.

ಇದರೊಳಗಿನ ಒಂದು ಜಾಣತನ ಗಮನಿಸಬೇಕಾದದ್ದು. ಬಿರುಗಾಳಿಯ ರಾತ್ರಿ, ತೊರೆ ತುಂಬಿ ಹರಿಯುವಾಗ, ಬೇಕಾದದ್ದಕ್ಕಿಂತ ಹೆಚ್ಚು ವಿದ್ಯುತ್ ಹುಟ್ಟುತ್ತದೆ. ಬ್ಯಾಟರಿ ತುಂಬಿದೆ, ಮಾರಲು ಹೊರಗಿನ ಜಾಲವಿಲ್ಲ. ಆಗ ಹೆಚ್ಚುವರಿ ವಿದ್ಯುತ್ತು ಸಮುದಾಯ ಭವನ, ಚರ್ಚು, ಧಕ್ಕೆಯ ಕಟ್ಟಡಗಳ ಹೀಟರ್‌ಗಳಿಗೆ ತಾನಾಗಿಯೇ ಹರಿಯುತ್ತದೆ. ಹೊರಗೆ ಹವೆ ಕೆಟ್ಟಷ್ಟೂ ಒಳಗೆ ಬೆಚ್ಚಗೆ. ಅದಕ್ಕೆ ಬಿಲ್ಲಿಲ್ಲ. ಬದಲಿಗೆ ಮಳೆ ಗಾಳಿ ಎರಡೂ ಕೈಕೊಟ್ಟ ವಾರದಲ್ಲಿ ‘ಕೆಂಪು ದೀಪ’ದ ಸೂಚನೆ ಬರುತ್ತದೆ: ಬಟ್ಟೆ ಒಗೆಯುವುದನ್ನು ನಾಳೆಗಿಡಿ.

ಈ ಎಲ್ಲಕ್ಕೆ ತಗುಲಿದ್ದು ಸುಮಾರು 16 ಲಕ್ಷ ಪೌಂಡ್. ಅಂದರೆ ಇಡೀ ದ್ವೀಪದ ಬೆಲೆಗಿಂತ ಸ್ವಲ್ಪ ಹೆಚ್ಚೇ! ಕೊಟ್ಟವರ ಪಟ್ಟಿ ಮದುವೆಯ ಉಡುಗೊರೆಯ ಪಟ್ಟಿಯಂತಿದೆ. ಯೂರೋಪಿನ ಪ್ರಾದೇಶಿಕ ಅಭಿವೃದ್ಧಿ ನಿಧಿ, ಲಾಟರಿಯ ಇನ್ನೊಂದು ನಿಧಿ, ಹೈಲ್ಯಾಂಡ್ಸ್ ಅಂಡ್ ಐಲ್ಯಾಂಡ್ಸ್ ಎಂಟರ್‌ಪ್ರೈಸ್, ಹೈಲ್ಯಾಂಡ್ ಕೌನ್ಸಿಲ್, ಇಂಧನ ಉಳಿತಾಯದ ಸಂಸ್ಥೆ, ಜೊತೆಗೆ ನಿವಾಸಿಗಳದೇ ವಂತಿಗೆ. ಹತ್ತು ವರ್ಷದ ಹಿಂದೆ ನೆಲ ಕೊಳ್ಳಲು ಕಾಸು ಬಿಚ್ಚದ ಲಾಟರಿಯೇ ಬೆಳಕಿಗೆ ಕಾಸು ಕೊಟ್ಟಿತು.

ಅರ್ಜಿ ಬರೆಯುವವರು

ದಾನಿಗಳ ಪಟ್ಟಿ ಇಷ್ಟು ಉದ್ದವಿರುವುದು ಉದಾರತೆಯ ಗುರುತು ಎಂದು ಭಾವಿಸಬಾರದು. ಅದು ಅನುದಾನ ಎಂಬ ವ್ಯವಸ್ಥೆಯ ಸ್ವಭಾವ. ಯಾವ ನಿಧಿಯೂ ಪೂರ್ತಿ ಹಣ ಕೊಡುವುದಿಲ್ಲ. ‘ನೀವು ಇಷ್ಟು ತನ್ನಿ, ನಾವು ಅಷ್ಟು ಹಾಕುತ್ತೇವೆ’ ಎನ್ನುತ್ತದೆ. ಆ ‘ಇಷ್ಟು’ ತರಲು ಎರಡನೇ ನಿಧಿಗೆ ಹೋದರೆ ಅದು ಮೊದಲನೆಯವರ ಒಪ್ಪಿಗೆ ಪತ್ರ ಕೇಳುತ್ತದೆ. ಮೊದಲನೆಯವರು ಎರಡನೆಯವರ ಪತ್ರ ಕೇಳುತ್ತಾರೆ. ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ನಮೂನೆ, ಬೇರೆ ಗಡುವು, ಬೇರೆ ಆಡಿಟ್ಟು. ಎಷ್ಟೋ ಯೋಜನೆಗಳಲ್ಲಿ ಹಣ ಕೈಗೆ ಬರುವುದು ಖರ್ಚು ಮಾಡಿ ರಸೀದಿ ಕಳುಹಿಸಿದ ಮೇಲೆ. ಖಜಾನೆಯಲ್ಲಿ ಏನೂ ಇಲ್ಲದ ಹಳ್ಳಿ ಮೊದಲು ಖರ್ಚು ಮಾಡುವುದು ಹೇಗೆ ಎಂದು ನಮೂನೆ ಕೇಳುವುದಿಲ್ಲ.

ಇನ್ನೊಂದು ಚಾಳಿಯಿದೆ. ನಿಧಿಗಳಿಗೆ ಕಟ್ಟಡವೆಂದರೆ ಪ್ರೀತಿ, ಸಂಬಳವೆಂದರೆ ಅಲರ್ಜಿ. ಗಾಳಿಯಂತ್ರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬಹುದು, ಹತ್ತು ವರ್ಷದ ಬಳಿಕ ಅದರ ಬೇರಿಂಗ್ ಬದಲಿಸುವವನ ಮುಂದೆ ಯಾರು ನಿಲ್ಲುತ್ತಾರೆ? ಎಗ್‌ನವರು ಈ ಗುಂಡಿಯನ್ನು ಮೊದಲೇ ಕಂಡದ್ದು ಅವರ ದೊಡ್ಡ ಜಾಣತನ. ದ್ವೀಪದವರಿಗೇ ತರಬೇತಿ ಕೊಡಿಸಿ, ಅರೆಕಾಲಿಕ ಸಂಬಳದ ಮೇಲೆ ನಿರ್ವಹಣಾ ತಂಡ ಕಟ್ಟಿದರು. ಕರೆಂಟಿನ ದರವನ್ನು ಮುಖ್ಯ ನೆಲಕ್ಕಿಂತ ಹೆಚ್ಚಿಗೇ ಇಟ್ಟರು, ಬ್ಯಾಟರಿ ಸತ್ತ ದಿನ ಮತ್ತೆ ಅರ್ಜಿ ಹಿಡಿದು ಓಡಬಾರದೆಂದು. ಜನ ಗೊಣಗಿದರು, ಕಟ್ಟಿದರು. ಡೀಸೆಲ್‌ಗಿಂತ ಅಗ್ಗವೇ ಆಗಿತ್ತಲ್ಲ.

ಐದು ಕಿಲೊವಾಟ್ ಮಿತಿಯ ಗುಟ್ಟೂ ಇದೇ. ಮಿತಿಯಿಲ್ಲದಿದ್ದರೆ ದೊಡ್ಡ ಯಂತ್ರ, ಹೆಚ್ಚು ಬ್ಯಾಟರಿ, ಇನ್ನಷ್ಟು ಅನುದಾನ ಬೇಕಿತ್ತು. ಅಳತೆ ಮೀರದಿರಲು ಒಪ್ಪಿದ್ದರಿಂದಲೇ ಯೋಜನೆ ಕೈಗೆ ನಿಲುಕಿತು. ಹಾಸಿಗೆಯಿದ್ದಷ್ಟೇ ಕಾಲು ಚಾಚಿದರು ಎನ್ನುವುದು ಇಲ್ಲಿ ಪೂರ್ತಿ ಸರಿಯಲ್ಲ. ಮೊದಲು ಕಾಲನ್ನು ಅಳೆದು, ಆಮೇಲೆ ಹಾಸಿಗೆ ಹೊಲಿಸಿದರು.

2010ರಲ್ಲಿ ಇದಕ್ಕೊಂದು ಬಹುಮಾನವೂ ಬಂತು. ಇಂಗಾಲದ ಹೊಗೆ ತಗ್ಗಿಸಿದ ಊರುಗಳಿಗೆಂದು ನಡೆದ ‘ಬಿಗ್ ಗ್ರೀನ್ ಚಾಲೆಂಜ್’ ಸ್ಪರ್ಧೆಯ ವಿಜೇತರಲ್ಲಿ ಎಗ್ ಒಂದು. ಮೂರು ಲಕ್ಷ ಪೌಂಡ್. ಬಹುಮಾನದ ಹಣಕ್ಕೆ ಅನುದಾನದಷ್ಟು ಷರತ್ತುಗಳಿರುವುದಿಲ್ಲ ಎಂಬುದೇ ಅದರ ರುಚಿ.

ಅದೇ 2010ರ ಏಪ್ರಿಲ್‌ನಲ್ಲಿ ಬ್ರಿಟನ್ ಸರ್ಕಾರ ಸಣ್ಣ ಸೌರ, ಗಾಳಿ ಘಟಕಗಳಿಗೆ ಉತ್ಪಾದಿಸಿದ ಪ್ರತಿ ಯೂನಿಟ್‌ಗೂ ಹಣ ಕೊಡುವ ಯೋಜನೆ ತಂದಿತು. ಆದರೆ ಸರ್ಕಾರಿ ಅನುದಾನದಿಂದ ಕಟ್ಟಿದ ಘಟಕಗಳಿಗೆ ಸಾಮಾನ್ಯವಾಗಿ ಅದು ಅನ್ವಯಿಸುತ್ತಿರಲಿಲ್ಲ, ಎರಡೂ ಕೈಯಿಂದ ಪಡೆಯಬಾರದೆಂದು. ಕಾಸಿದ್ದವರು ಸ್ವಂತ ಹಣ ಹೂಡಿ ವರ್ಷವರ್ಷ ಆದಾಯ ಪಡೆದರು. ಕಾಸಿಲ್ಲದೆ ಅನುದಾನ ಹಿಡಿದ ಊರುಗಳು ಬಾಗಿಲ ಹೊರಗೆ ನಿಂತವು. ನಿಯಮ ಬರೆದವರಿಗೆ ದುರುದ್ದೇಶವಿರಲಿಲ್ಲ. ಫಲ ಮಾತ್ರ ಹಾಗಾಯಿತು.

ಮೂವರು ನರ್ತಕಿಯರು

ಎಗ್‌ನ ದಕ್ಷಿಣಕ್ಕೆ, ಕಿಂಟೈರ್ ಪರ್ಯಾಯ ದ್ವೀಪದ ಪಕ್ಕದಲ್ಲಿ ಗೀಯಾ ಎಂಬ ಇನ್ನೊಂದು ದ್ವೀಪವಿದೆ. ಅದರ ಕತೆ ಎಗ್‌ನಷ್ಟು ಸುಖದ್ದಲ್ಲ. ಆದ್ದರಿಂದಲೇ ಹೇಳಬೇಕಾದದ್ದು.

2001ರಲ್ಲಿ ಗೀಯಾ ಮಾರಾಟಕ್ಕೆ ಬಂದಾಗ ಅಲ್ಲಿದ್ದವರು ನೂರಕ್ಕಿಂತ ಕಡಿಮೆ. ಕೊಳ್ಳುವ ಮಾತಿಗೆ ಮೊದಲು ಹೆದರಿದವರೇ ಹೆಚ್ಚು. ಎಗ್ ಮುಂತಾದೆಡೆ ಹೋಗಿ ನೋಡಿಬಂದು ಧೈರ್ಯ ಮಾಡಿದರು. 2002ರ ಮಾರ್ಚ್ 15ರಂದು 40 ಲಕ್ಷ ಪೌಂಡ್‌ಗೆ ದ್ವೀಪ ಅವರದಾಯಿತು. ಹೊಸದಾಗಿ ಹುಟ್ಟಿದ ಭೂ ನಿಧಿ ಬಹುಪಾಲು ಕೊಟ್ಟಿತು, ಆದರೆ ಒಂದು ಕೊಕ್ಕೆಯೊಡನೆ. ಅದರಲ್ಲಿ 10 ಲಕ್ಷ ಪೌಂಡನ್ನು ಎರಡೇ ವರ್ಷದಲ್ಲಿ ಹಿಂದಿರುಗಿಸಬೇಕು. ಒಡೆಯರ ದೊಡ್ಡ ಬಂಗಲೆಯನ್ನು ಮಾರಿ, ಊರೆಲ್ಲ ಸೇರಿ ನಾನಾ ಬಗೆಯಲ್ಲಿ ಚಂದಾ ಎತ್ತಿ, 2004ರ ಮಾರ್ಚ್‌ಗೆ ಸರಿಯಾಗಿ ತೀರಿಸಿದರು.

ಅನಂತರ ಅವರು ತಂದದ್ದು ಬೇರೊಂದು ಗಾಳಿಕ್ಷೇತ್ರದಲ್ಲಿ ಬಳಸಿ ಬಿಟ್ಟಿದ್ದ ಮೂರು ಸೆಕೆಂಡ್‌ಹ್ಯಾಂಡ್ ಗಾಳಿಯಂತ್ರ. ಒಂದೊಂದೂ 225 ಕಿಲೊವಾಟ್. ಸ್ವಲ್ಪ ಅನುದಾನ, ಸ್ವಲ್ಪ ಸಾಲ, ಸ್ವಲ್ಪ ಷೇರು. ಗೇಲಿಕ್‌ನಲ್ಲಿ ಶ್ರದ್ಧೆ, ಭರವಸೆ, ಕರುಣೆ ಎಂಬರ್ಥದ ಹೆಸರಿಟ್ಟರು. ಜನರ ಬಾಯಲ್ಲಿ ಅವು ‘ನರ್ತಕಿಯರು’. ಸ್ಕಾಟ್ಲೆಂಡಿನ ಮುಖ್ಯ ಜಾಲಕ್ಕೆ ವಿದ್ಯುತ್ ಮಾರಿದ ಮೊದಲ ಸಮುದಾಯ ಗಾಳಿಕ್ಷೇತ್ರ ಅದು. ಆ ಆದಾಯ ಮನೆ ದುರಸ್ತಿಗೆ. ಏಕೆಂದರೆ ಒಡೆಯರಿಂದ ಬಳುವಳಿಯಾಗಿ ಬಂದ ಮನೆಗಳಲ್ಲಿ ಬಹುತೇಕ ಎಲ್ಲವೂ ತೇವ, ಸೋರಿಕೆ, ಕೊಳೆತ ತೊಲೆ.

ಒಂದೊಂದು ಮನೆಯನ್ನೂ ಕಳಚಿ ಕಟ್ಟಿದಂತಾಯಿತು. ದ್ವೀಪದಲ್ಲಿ ಇಟ್ಟಿಗೆಯೂ ಹಡಗು ಹತ್ತಿ ಬರಬೇಕು, ಗಾರೆಯವನೂ ಹಡಗು ಹತ್ತಿ ಬರಬೇಕು, ಬಂದವನು ಗಾಳಿ ನಿಲ್ಲುವವರೆಗೆ ಊಟ ಮಾಡಿಕೊಂಡು ಕೂತಿರಬೇಕು. ಜನಸಂಖ್ಯೆ ನೂರರೊಳಗಿನಿಂದ ನೂರೈವತ್ತರ ಆಚೀಚೆಗೆ ಏರಿತು, ಶಾಲೆಯಲ್ಲಿ ಮಕ್ಕಳು ಹೆಚ್ಚಿದರು. ಸಾಲವೂ ಏರಿತು. 2014ರ ಹೊತ್ತಿಗೆ ಅದು 27 ಲಕ್ಷ ಪೌಂಡ್ ಎಂದು ಪತ್ರಿಕೆಗಳು ಬರೆದವು. ಸಮುದಾಯ ಒಡೆತನವೇ ಮೋಸ ಎಂದು ಕೆಲವರು ಷರಾ ಬರೆದೇಬಿಟ್ಟರು. ಆದರೆ ಆ ಸಾಲದಲ್ಲಿ ದೊಡ್ಡ ಭಾಗ ಖಾಸಗಿ ಒಡೆತನದ ದಶಕಗಳಲ್ಲಿ ಯಾರೂ ಹಾಕಿಸದ ಚಾವಣಿಗಳ ಬಾಕಿ. ನೆಲ ಕೊಳ್ಳಲು ನಿಧಿ ಇತ್ತು. ನೆಲದೊಡನೆ ಬಂದ ಹಳೇ ಬಾಕಿಗೆ ಯಾರ ಬಳಿಯೂ ನಮೂನೆ ಇರಲಿಲ್ಲ.

ಕೊನೆಯ ಮನೆಯ ದೀಪ

ಇಷ್ಟೆಲ್ಲ ಒದ್ದಾಟ ಏಕೆ, ಅರವತ್ತು ಜನರನ್ನು ಮುಖ್ಯ ನೆಲಕ್ಕೆ ಕರೆತಂದು ಒಳ್ಳೆಯ ಮನೆ ಕೊಡುವುದೇ ಅಗ್ಗವಲ್ಲವೇ ಎಂದು ಕೇಳುವವರು ಇದ್ದಾರೆ. ಲೆಕ್ಕದ ಪ್ರಕಾರ ಅಗ್ಗವೇ. ಅದು ಒಮ್ಮೆ ನಡೆದೂ ಇದೆ. ಎಲ್ಲಕ್ಕಿಂತ ದೂರದ ಸೇಂಟ್ ಕಿಲ್ಡಾ ದ್ವೀಪದಲ್ಲಿ ಉಳಿದಿದ್ದ 36 ಜನ ತಾವೇ ಮನವಿ ಸಲ್ಲಿಸಿ, 1930ರ ಆಗಸ್ಟ್ 29ರಂದು ಹಡಗು ಹತ್ತಿದರು. ಶತಮಾನಗಳ ಬಾಳು ಒಂದು ಬೆಳಗ್ಗೆ ಮುಗಿಯಿತು. ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಯಾವ ಸಭೆ ನಡೆದರೂ ಆ ಹೆಸರು ಒಮ್ಮೆ ಸುಳಿಯದೆ ಇರುವುದಿಲ್ಲ.

ಆರ್ಕ್ನಿ ಮತ್ತು ಷೆಟ್ಲೆಂಡ್ ನಡುವಿನ ಫೇರ್ ಐಲ್ ಆ ಅಂಚಿಗೆ ಹತ್ತಿರದಲ್ಲಿದ್ದ ಊರು. ಜಗತ್ತಿನಾದ್ಯಂತ ಸ್ವೆಟರ್‌ಗಳಿಗೆ ತನ್ನ ಹೆಸರು ಕೊಟ್ಟ ಈ ದ್ವೀಪದಲ್ಲಿ ಆಗ ಇದ್ದದ್ದು ಐವತ್ತು ಅರವತ್ತು ಜನ. 2018ರವರೆಗೂ ಗಾಳಿ ಬೀಸದಿದ್ದರೆ ಅಲ್ಲಿ ರಾತ್ರಿ ಹನ್ನೊಂದಕ್ಕೆ ಕರೆಂಟು ಹೋಗಿ ಬೆಳಗ್ಗೆ ಏಳಕ್ಕೆ ಬರುತ್ತಿತ್ತು. ರೆಫ್ರಿಜರೇಟರ್ ಕೂಡ ರಾತ್ರಿ ನಿದ್ದೆ ಮಾಡುತ್ತಿತ್ತು. ಹತ್ತಾರು ಮೂಲಗಳಿಂದ 35 ಲಕ್ಷ ಪೌಂಡ್ ಕೂಡಿಸಿ, ಮೂರು ಗಾಳಿಯಂತ್ರ, ಸೌರಫಲಕ, ಬ್ಯಾಟರಿ ಹಾಕಿ, ಆ ವರ್ಷದ ಅಕ್ಟೋಬರ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಯ ವಿದ್ಯುತ್ ಕೊಟ್ಟರು. ತಲೆಗೆ ಎಷ್ಟು ಪೌಂಡ್ ಬಿತ್ತು ಎಂದು ಭಾಗಿಸಿ ನೋಡಿದವರು ಹೌಹಾರಿದರು. ಯುವ ಕುಟುಂಬವೊಂದು ಊರು ಬಿಡದೆ ಉಳಿದರೆ ಶಾಲೆ ಉಳಿಯುತ್ತದೆ, ಶಾಲೆ ಉಳಿದರೆ ಇನ್ನೊಂದು ಕುಟುಂಬ ಬರುತ್ತದೆ. ಈ ಗುಣಾಕಾರ ಭಾಗಾಕಾರದವರ ಲೆಕ್ಕದಲ್ಲಿರುವುದಿಲ್ಲ.

ಫೇರ್ ಐಲ್‌ನ ಪಟ್ಟಿಯಲ್ಲೂ ಯೂರೋಪಿನ ಹಣವಿತ್ತು. ಬ್ರಿಟನ್ 2020ರಲ್ಲಿ ಐರೋಪ್ಯ ಒಕ್ಕೂಟ ಬಿಟ್ಟಮೇಲೆ ಆ ಬಾಗಿಲು ಮುಚ್ಚಿತು. ಎಗ್‌ನ ಬೆಳಕಿಗೂ, ಧಕ್ಕೆಗಳಿಗೂ, ರಸ್ತೆಗಳಿಗೂ ಎಣ್ಣೆ ಹೊಯ್ದ ಬಾಗಿಲು ಅದು. ಈಗಿನ ನಿಧಿಗಳು ಲಂಡನ್ ಮತ್ತು ಎಡಿನ್‌ಬರೊಗಳಲ್ಲಿ ವರ್ಷವರ್ಷದ ಬಜೆಟ್ ನೋಡಿಕೊಂಡು ತೀರ್ಮಾನವಾಗುವಂಥವು. ಏಳು ವರ್ಷದ ಯೋಜನೆಯನ್ನು ನಂಬಿ ಕೆಲಸ ಶುರುಮಾಡುವ ಅಭ್ಯಾಸವಿದ್ದ ದ್ವೀಪಗಳಿಗೆ ಇದು ಹೊಸ ಪಾಠ.

ಎಡಿನ್‌ಬರೊ ಸುಮ್ಮನೆ ಕೂತಿಲ್ಲ. 2018ರಲ್ಲಿ ದ್ವೀಪಗಳಿಗಾಗಿಯೇ ಒಂದು ಕಾಯಿದೆ ಮಾಡಿತು. ಯಾವುದೇ ಹೊಸ ನೀತಿ ದ್ವೀಪಗಳ ಮೇಲೆ ಏನು ಪರಿಣಾಮ ಬೀರುತ್ತದೆಂದು ಮೊದಲೇ ನೋಡಬೇಕೆಂಬ ನಿಯಮ ಅದರಲ್ಲಿದೆ. 2021ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ದ್ವೀಪಗಳಲ್ಲಿ ನೆಲೆಸುವ ಅಥವಾ ಅಲ್ಲೇ ಉಳಿಯುವ ನೂರು ಕುಟುಂಬಗಳಿಗೆ ತಲಾ 50 ಸಾವಿರ ಪೌಂಡ್‌ವರೆಗೆ ಕೊಡುವುದಾಗಿ ಪ್ರಕಟಿಸಿತು. ಸುದ್ದಿ ಜಗತ್ತೆಲ್ಲ ಹರಡಿತು. ದ್ವೀಪವಾಸಿಗಳನ್ನು ಕೇಳಿದಾಗ ಮಾತ್ರ ಉತ್ಸಾಹ ಕಾಣಲಿಲ್ಲ. ಬಂದವರು ಎಲ್ಲಿ ಮಲಗಬೇಕು, ಮನೆ ಎಲ್ಲಿದೆ? ಇರುವ ಮನೆಗಳನ್ನು ರಜೆಗೆ ಬರುವ ಸಿರಿವಂತರು ಕೊಂಡಾಗಿದೆ. ಹಡಗು ಹೇಳಿದ ದಿನ ಬರುವುದಿಲ್ಲ. ನೂರು ಜನರ ಕೈಗೆ ಹಣ ಕೊಟ್ಟು, ಪಕ್ಕದ ಮನೆಯವರನ್ನು ಏಕೆ ಬಿಟ್ಟಿರಿ ಎಂದು ಕೇಳಿದರೆ ಏನು ಉತ್ತರ? 2022ರಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು.

ಅದೇ ಹೊತ್ತಿಗೆ ಮಲ್ ದ್ವೀಪದ ಪಕ್ಕದ ಪುಟಾಣಿ ಅಲ್ವಾದಲ್ಲಿ ಬೇರೆ ರೀತಿಯ ಕೆಲಸ ನಡೆದಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಆರುನೂರರಷ್ಟು ಜನರಿದ್ದು, ಒಕ್ಕಲೆಬ್ಬಿಸುವಿಕೆಯ ಬಳಿಕ ಖಾಲಿಯಾಗುತ್ತ ಬಂದು, ಕೊನೆಗೆ ಐದಾರು ಜನರಷ್ಟೇ ಉಳಿದಿದ್ದ ದ್ವೀಪ ಅದು. 2018ರ ಜೂನ್‌ನಲ್ಲಿ ಭೂ ನಿಧಿಯ 44 ಲಕ್ಷ ಪೌಂಡ್ ನೆರವಿನಿಂದ ಸ್ಥಳೀಯ ಸಮುದಾಯ ಅದನ್ನು ಕೊಂಡಿತು. ಐದಾರು ಜನಕ್ಕೆ ಇಷ್ಟೊಂದೇ ಎಂದು ಅಲ್ಲೂ ಕೆಲವರು ಕೇಳಿದರು. ಅಲ್ವಾದವರು ಜಾಹೀರಾತು ಕೊಟ್ಟು ಜನರನ್ನು ಕರೆಯುವ ಮೊದಲು ಇದ್ದ ಹಳೇ ಮನೆಗಳಿಗೆ ಕೈ ಹಾಕಿದರು. ಗೋಡೆಯ ತೇವ ಒಣಗಿಸಿದರು, ಚಾವಣಿ ಬದಲಿಸಿದರು, ಕಿಟಕಿಗೆ ಗಾಜು ಹಾಕಿಸಿದರು. ಮನೆಗಳು ಸಿದ್ಧವಾದ ಮೇಲೆ ಬಾಡಿಗೆಗೆ ಅರ್ಜಿ ಕರೆದರು. ಮಕ್ಕಳಿರುವ ಕುಟುಂಬಗಳು ದೋಣಿ ಇಳಿದು ಬಂದವು.